71ರಲ್ಲಿ ಈ ವಿಮಾನ ನಮ್ಮಲ್ಲಿ ಇರಲೇ ಇಲ್ಲ ಸರ್

ನಮ್ಮ ಟ್ರಾವೆಲ್ಸ್‌ನಲ್ಲಿ ಗೈಡ್‌ಗಳಿಗೆ ಒಂದು ಶೀಟ್ ಕೊಡುತ್ತಾರೆ. ಅದರಲ್ಲಿ ಕಾರವಾರ ಬೀಚಿನಲ್ಲಿ ನಿಲ್ಲಿಸಿರುವ ನೌಕಾಪಡೆಯ ಹಳೇ ಟುಪೊಲೆವ್ ವಿಮಾನದ ಹೆಸರಿನ ಎದುರು ಬರೆದಿರುವುದು ಇಷ್ಟೇ: ‘71ರ ಯುದ್ಧ, ಜಾಸ್ತಿ ಹೇಳಿ’. ಬರೆದವರು ವಿಮಾನ ನೋಡಿದ್ದು ಅನುಮಾನ.

ಮೊನ್ನೆ ಶಿರಸಿ ಕಡೆಯ ಹೈಸ್ಕೂಲ್ ಪಾರ್ಟಿ. ಬಸ್ಸು ಲೇಟು, ಊಟ ಬಾಕಿ, ಮುಂದೆ ಗೋಕರ್ಣ. ಹೆಡ್‌ಕೌಂಟ್ ಮುಗಿಯುವ ಮೊದಲೇ ಒಬ್ಬ ಹುಡುಗ, ‘ಇದು ಎಷ್ಟು ಬಾಂಬ್ ಹಾಕಿದೆ?’ ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, ‘71ರಲ್ಲಿ ಕರಾಚಿಯನ್ನೇ ಸುಟ್ಟಿದೆ ಕಣ್ರೋ’ ಅಂದುಬಿಟ್ಟರು. ಚಪ್ಪಾಳೆ ಬಿತ್ತು.

ಬುಕಿಂಗ್ ಕೊಟ್ಟವರೇ ಅವರು. ಆದರೂ ತಡೆಯಲಾಗಲಿಲ್ಲ. ‘ಸರ್, ಇದು ನೌಕಾಪಡೆಗೆ ಬಂದಿದ್ದೇ 1988ರಲ್ಲಿ.’ ಮೇಷ್ಟ್ರು ಕನ್ನಡಕ ತೆಗೆದರು, ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಒಬ್ಬರೂ ಮಾತಾಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಈ ಪಾರ್ಟಿ ಮುಂದಿನ ವರ್ಷ ಬರಲ್ಲ ಅಂತ ಲೆಕ್ಕ ಹಾಕುತ್ತಲೇ ಪಕ್ಕದ ಐಎನ್‌ಎಸ್ ಚಾಪೆಲ್ ಯುದ್ಧನೌಕೆ ಕಡೆ ಕೈ ತೋರಿಸಿದೆ: ‘ಸರ್ ಹೇಳಿದ್ದು ಈ ಥರದ ಮಿಸೈಲ್ ಬೋಟುಗಳ ಕತೆ. ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ್ದು ಅವು.’ ಮೇಷ್ಟ್ರು ತಕ್ಷಣ, ‘ಹಾಂ, ಅದನ್ನೇ ಹೇಳಿದ್ದು’ ಅಂದರು. ಬಚಾವ್.

ಟುಪೊಲೆವ್‌ನ ಕೆಲಸವೇ ಬೇರೆ. ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರುವುದು, ನೀರಿಗೆ ಸೋನೊಬಾಯ್ ಅನ್ನೋ ಸದ್ದು ಹಿಡಿಯುವ ತೇಲು ಯಂತ್ರ ಬಿಟ್ಟು ಸಬ್‌ಮರೀನ್ ಸದ್ದು ಕೇಳುವುದು, ಸಿಕ್ಕರೆ ಟಾರ್ಪಿಡೊ. ಹುಡುಗರಿಗೆ ಇದು ಸಪ್ಪೆ. ಒಂದೇ ಎಂಜಿನ್‌ಗೆ ಎರಡು ಫ್ಯಾನ್, ಒಂದು ಈ ಕಡೆ ಇನ್ನೊಂದು ಆ ಕಡೆ ತಿರುಗುತ್ತೆ ಅಂದಾಗ ಮಾತ್ರ ಫ್ಯಾನಿನ ರೆಕ್ಕೆ ಎಣಿಸಲು ನುಗ್ಗಿದರು. ಮುಂದೆ ನಾಲ್ಕು, ಹಿಂದೆ ನಾಲ್ಕು. 2017ರಲ್ಲಿ ನಿವೃತ್ತಿಯಾದ ಮೇಲೆ ಈ ಕಾವಲು ಕೆಲಸ ಪಿ-8ಐ ವಿಮಾನಗಳದ್ದು.

ಬಾಂಬ್ ಕತೆಯೇ ಬೇಕಂದ್ರೆ ಪಕ್ಕದ ಗೋವಾದ್ದೇ ಇದೆಯಲ್ವಾ? 1961ರ ಡಿಸೆಂಬರ್ 18ರಂದು ನಮ್ಮ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ದಾಬೋಳಿ ರನ್‌ವೇ ಮೇಲೆ ಬಾಂಬ್ ಹಾಕಿದವು. ರಾತ್ರಿ ಪೋರ್ಚುಗೀಸರು ಹೊಂಡ ಮುಚ್ಚಿ ಎರಡು ವಿಮಾನ ಹಾರಿಸಿಕೊಂಡು ಪಾರಾದರು. ರನ್‌ವೇಗೆ ಒಂದು ಸಲ ಹೊಡೆದರೆ ಸಾಲದು. 71ರಲ್ಲಿ ಢಾಕಾದ ತೇಜಗಾಂವ್ ವಿಮಾನ ನಿಲ್ದಾಣದ ಮೇಲೆ ಮಿಗ್-21ಗಳು ಮತ್ತೆ ಮತ್ತೆ ಹೋದವು. ಅಲ್ಲಿ ಪಾಕಿಸ್ತಾನದ ವಿಮಾನಗಳಿಗೆ ಮೇಲೇಳಲು ಆಗಲಿಲ್ಲ. ಇದಕ್ಕೆ ಮೇಷ್ಟ್ರೂ ತಲೆಯಾಡಿಸಿದರು.

ಸಂಜೆ ಆಫೀಸಿಂದ ಫೋನ್. ‘ಎಂತ ಮಾರಾಯ, ಪಾರ್ಟಿ ಹತ್ರ ವಾದ ಮಾಡೂದಾ?’

ಈಗ ಮೇಷ್ಟ್ರುಗಳನ್ನು ಬಸ್ ಇಳಿಯುವಾಗಲೇ ಪಕ್ಕಕ್ಕೆ ಕರೆದು 1988 ಅಂತ ಕಿವಿಗೆ ಹಾಕಿಬಿಡುತ್ತೇನೆ. ಶೀಟ್ ಮಾತ್ರ ಇನ್ನೂ ಬದಲಾಗಿಲ್ಲ.