ಮೂರು ಸಲ ಕೇಳಿದ ಪ್ರಶ್ನೆ

ಮರೆವಿನ ತೊಂದರೆ ಶುರುವಾದ ಹಿರಿಯರಿಗೆ ಮಾತ್ರೆ ಕೊಡದೆ, ಮಾತು, ಹಾಡು, ಹಳೆಯ ನೆನಪು, ಸಣ್ಣಪುಟ್ಟ ಆಟ ಇವುಗಳಿಂದ ಏನಾದರೂ ಅನುಕೂಲ ಆಗುತ್ತದಾ ಅಂತ ನೋಡುವ ಅಧ್ಯಯನದಲ್ಲಿ ನಾನು ಕೆಲಸ ಮಾಡುತ್ತೇನೆ. ಒಂದು ಗುಂಪಿಗೆ ಈ ಚಟುವಟಿಕೆ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಆರೋಗ್ಯದ ಮಾತುಕತೆ. ನಾನು ಮಾಡುವುದು ನೆನಪಿನ ಪರೀಕ್ಷೆ ಮಾತ್ರ. ಯಾರು ಯಾವ ಗುಂಪು ಅಂತ ನನಗೆ ಗೊತ್ತಾಗಬಾರದು.

ಮಾತ್ರೆಯ ಪ್ರಯೋಗವಾದರೆ ನೋಡೋಕೆ ಅದೇ ಥರ ಇರುವ ಡಮ್ಮಿ ಮಾತ್ರೆ ಕೊಡಬಹುದು. ಹಾಡಿಗೆ ಡಮ್ಮಿ ಎಲ್ಲಿಂದ ತರೋದು? ಹಾಡಿದವರಿಗೆ ತಾವು ಹಾಡಿದ್ದು ಗೊತ್ತೇ ಇರುತ್ತದೆ. ಹಾಗಾಗಿ ಅಳೆಯುವವರ ಕಣ್ಣಾದರೂ ಕಟ್ಟಿರಬೇಕು. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲೂ ಹಾಗೇ ಮಾಡಿದ್ದರು. ಅಲ್ಲಿ ಮರೆಗುಳಿ ಕಾಯಿಲೆ ಇದ್ದ 201 ಜನ ಇದ್ದರು, ವಾರಕ್ಕೆ ಎರಡು ಸಲ 45 ನಿಮಿಷದಂತೆ 7 ವಾರ ಗುಂಪು ಚಟುವಟಿಕೆ ನಡೆದಿತ್ತು.

ನಾನು ಎಡವಿದ್ದು ಇಲ್ಲೇ.

ಒಬ್ಬ ತಾತ, ಬಸ್ ಕಂಡಕ್ಟರ್ ಆಗಿದ್ದವರು, ಎರಡನೇ ಪರೀಕ್ಷೆಗೆ ಬಂದು ಕೂರುತ್ತಲೇ "ನಿಮ್ಮ ಗುರುವಾರದ ಗುಂಪು ಚೆನ್ನಾಗಿದೆ ಕಣಮ್ಮ, ಮೊನ್ನೆ ಬೀಸೋ ಕಲ್ಲಿನ ವಿಷಯ ತೆಗೆದು ಎಲ್ಲರೂ ಹಾಡಿದ್ವಿ" ಅಂದರು. ನಾನು ನಕ್ಕು ಪರೀಕ್ಷೆ ಶುರು ಮಾಡಿದೆ. 15 ಪದಗಳ ಪಟ್ಟಿ (ಪದಗಳನ್ನು ಇಲ್ಲಿ ಬರೆಯುವ ಹಾಗಿಲ್ಲ, ಬರೆದರೆ ಪರೀಕ್ಷೆಯೇ ಕೆಟ್ಟಂತೆ), ಐದು ಸಲ ಓದಿ ಹೇಳಬೇಕು, ಸುಮಾರು ಅರ್ಧ ಗಂಟೆ ಬಿಟ್ಟು ನೆನಪಿರುವಷ್ಟು ಹೇಳಿಸಬೇಕು. ತಾತ ನಾಲ್ಕು ಪದ ಹೇಳಿ ಸುಮ್ಮನಾದರು. "ಇನ್ನೇನಾದರೂ ನೆನಪಿದೆಯಾ?" ಅಂತ ಒಂದು ಸಲ ಕೇಳಿ ಹಾಳೆ ಮುಚ್ಚಬೇಕಿತ್ತು. ನಾನು ಮೂರು ಸಲ ಕೇಳಿದೆ. ಮೂರನೇ ಸಲ ಸ್ವಲ್ಪ ಮುಂದೆ ಬಾಗಿದ್ದೆ ಕೂಡ. ಅವರ ಬೆರಳು ಟಿಕೆಟ್ ಎಣಿಸುವ ಹಾಗೆ ಮೇಜಿನ ಮೇಲೆ ಆಡುತ್ತಿತ್ತು. ಇನ್ನೆರಡು ಪದ ಬಂತು. ಆರು ಅಂತ ಬರೆದೆ, ಖುಷಿಯೂ ಆಯಿತು.

ಸಂಜೆ ಹಾಳೆ ಜೋಡಿಸುವಾಗ ಆ ಖುಷಿಯೇ ಚುಚ್ಚಿತು. ಹಿಂದಿನ ವಾರ ಒಬ್ಬ ಅಜ್ಜಿ ಬಂದಿದ್ದರು. ಅವರು ಆರೋಗ್ಯ ಮಾತುಕತೆಯ ಗುಂಪು ಅಂತ ಅವರ ಮಗ ಬಾಯಿ ತಪ್ಪಿ ಹೇಳಿದ್ದ. ಅವರಿಗೆ ಎಷ್ಟು ಸಲ ಕೇಳಿದ್ದೆ? ಒಂದೇ ಸಲ ಇರಬೇಕು. ಖಚಿತವಾಗಿ ಹೇಳಲು ನನಗೆ ಆಗಲಿಲ್ಲ, ಏಕೆಂದರೆ ಬರೆದೇ ಇರಲಿಲ್ಲ.

ಎರಡು ಪದ ಅಂದರೆ ಏನು ಮಹಾ ಅನ್ನಿಸಬಹುದು. ಫಿನ್‌ಲೆಂಡಿನಲ್ಲಿ ಮರೆವಿನ ಅಪಾಯ ಜಾಸ್ತಿ ಇದ್ದ, 60ರಿಂದ 77 ವಯಸ್ಸಿನ 1260 ಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಅದರಲ್ಲಿ ಬರೀ ಆರೋಗ್ಯ ಸಲಹೆ ಸಿಕ್ಕವರ ಅಂಕವೂ ಏರಿತ್ತು. ಊಟ, ವ್ಯಾಯಾಮ, ಮೆದುಳಿನ ತರಬೇತಿ, ಬಿಪಿ ತಪಾಸಣೆ ಎಲ್ಲ ಸಿಕ್ಕವರದು ಅದಕ್ಕಿಂತ ಸ್ವಲ್ಪ ಜಾಸ್ತಿ ಏರಿತ್ತು. ನಾವು ಹುಡುಕುತ್ತಿರುವುದು ಆ "ಸ್ವಲ್ಪ"ವನ್ನೇ. ನನ್ನ ಬಾಗುವಿಕೆ ಅದನ್ನು ನುಂಗಿಬಿಡುತ್ತದೆ, ಇಲ್ಲವೇ ಇಲ್ಲದ್ದನ್ನು ಹುಟ್ಟಿಸುತ್ತದೆ. ಆಮೇಲೆ ಯಾವುದೋ ಮನೆಯವರು ಅದನ್ನು ನಂಬಿ ತಮ್ಮ ಅಪ್ಪನನ್ನು ಕರೆದುಕೊಂಡು ಬರುತ್ತಾರೆ.

ಮರುದಿನ ಬೆಳಿಗ್ಗೆಯೇ ಮೇಡಂಗೆ ಹೇಳಿದೆ. ಬೈಯಲಿಲ್ಲ. ಎರಡೂ ತಪ್ಪನ್ನು ದಾಖಲೆಯಲ್ಲಿ ಬರೆಸಿದರು, ಇಬ್ಬರ ಮುಂದಿನ ಪರೀಕ್ಷೆಯನ್ನೂ ಸಹೋದ್ಯೋಗಿಗೆ ವಹಿಸಿದರು.

ಈಗ ಹಿಂದಿನ ದಿನವೇ ಮನೆಯವರಿಗೆ ಫೋನ್ ಮಾಡಿ "ಗುಂಪಿನ ವಿಷಯ ನನ್ನ ಹತ್ತಿರ ಆಡಬೇಡಿ" ಅನ್ನುತ್ತೇನೆ. ಎಷ್ಟು ಸಲ ಕೇಳಿದೆ ಅಂತ ಹಾಳೆಯ ಅಂಚಿನಲ್ಲಿ ಗೀಟು ಹಾಕುತ್ತೇನೆ. ಪರೀಕ್ಷೆ ಮುಗಿದ ಮೇಲೆ ಇವರು ಯಾವ ಗುಂಪಿರಬಹುದು ಅಂತ ನನ್ನ ಊಹೆಯನ್ನೂ ಬರೆದಿಡುತ್ತೇನೆ. ಮೊನ್ನೆ ಒಬ್ಬ ಸೊಸೆ ಬಾಗಿಲಲ್ಲೇ "ನಮ್ಮತ್ತೆ ಗುರುವಾರ ಬಂದರೆ ಎಷ್ಟು ಗೆಲುವಾಗಿರ್ತಾರೆ ಗೊತ್ತಾ" ಅಂದರು. ಕೇಳಿ ಸಂತೋಷವಾಯಿತು. ಪೆನ್ಸಿಲ್, ಗಡಿಯಾರ ಎತ್ತಿಕೊಂಡು ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆದೆ.