ಹಳೇ ಲ್ಯಾಪ್‌ಟಾಪ್ ರಿಪೇರಿ, ಭಾಗ 2: ಮೂರು ಹಳದಿ ಗುರುತು

ಹಳೇ ಹಾರ್ಡ್ ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ ಕೂತಿದೆ, ವಿಂಡೋಸ್ 10 ಹೊಸದಾಗಿ ಇನ್‌ಸ್ಟಾಲ್ ಆಗಿದೆ. ಹಳೇ ಡೆಲ್ ಲ್ಯಾಟಿಟ್ಯೂಡ್ ಈಗ ಚುರುಕಾಗಿ ಓಡುತ್ತಿದೆ. ಆದರೆ ಒಳಗಿನ ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಮೂರು ಕಡೆ ಹಳದಿ ಗುರುತು: ಎಸ್‌ಎಮ್ ಬಸ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್, ಮತ್ತೆ ಹೆಸರೇ ಇಲ್ಲದ ಒಂದು ಅನ್‌ನೋನ್ ಡಿವೈಸ್. ಮೂರಕ್ಕೂ ಕೋಡ್ 28. ಅಂದರೆ ಡ್ರೈವರ್ (ಆ ಭಾಗವನ್ನು ವಿಂಡೋಸ್ ಬಳಸಲು ಬೇಕಾದ ಸಾಫ್ಟ್‌ವೇರ್) ಹಾಕಿಲ್ಲ.

ಒಂದೇ ಕ್ಲಿಕ್‌ಗೆ ಎಲ್ಲ ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ನನಗೆ ಬೇಡ. ಡ್ರೈವರ್ ಸಾಮಾನ್ಯವಾಗಿ ಕರ್ನಲ್, ಅಂದರೆ ವಿಂಡೋಸ್‌ನ ತಿರುಳಿನ ಒಳಗೇ ಕೂತು ಕೆಲಸ ಮಾಡುವಂಥದ್ದು. ಯಾರೋ ಕೊಟ್ಟ ಫೈಲನ್ನು ಅಲ್ಲಿಗೆ ಬಿಟ್ಟುಕೊಳ್ಳುವುದು ಯಾಕೆ? ಆ ಭಾಗ ಯಾವುದು ಅಂತ ಹೇಳುವ ಗುರುತು, ಹಾರ್ಡ್‌ವೇರ್ ಐಡಿ, ಓದಿದರೆ ಸಾಕು. ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿದರೆ ಸಿಗುತ್ತದೆ. ಕೆಎ 09 ಕಂಡ ಕೂಡಲೇ ಮೈಸೂರಿನ ಗಾಡಿ ಅಂತ ಗೊತ್ತಾಗುವ ಹಾಗೆ, ವಿಇಎನ್ ಮುಂದಿರುವ ನಂಬರ್ ನೋಡಿದರೆ ಕಂಪನಿ ಯಾವುದು ಅಂತ ತಿಳಿಯುತ್ತದೆ. 8086 ಇಂಟೆಲ್, 10ಇಸಿ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ. ಡಿಇವಿ ಮುಂದಿರುವುದು ಚಿಪ್‌ನ ನಂಬರ್. (8086 ಅನ್ನುವುದು ಇಂಟೆಲ್‌ನ 1978ರ ಪ್ರೊಸೆಸರ್ ಹೆಸರು. ಸುಮ್ನೆ ಆರಿಸಿದ ನಂಬರ್ ಅಂತೂ ಅಲ್ಲ!)

ಮೊದಲನೆಯದಕ್ಕೆ ಇಂಟೆಲ್ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳ) ಪ್ಯಾಕೇಜ್ ಹಾಕಿದೆ. ಗುರುತು ಹೋಯಿತು. ಆದರೆ ಡ್ರೈವರ್ ತಾರೀಖು ನೋಡಿದರೆ 18 ಜುಲೈ 1968! ಇಂಟೆಲ್ ಶುರುವಾದ ದಿನ ಅದು. ಬೇಕಂತಲೇ ಹಾಗೆ ಇಟ್ಟಿದ್ದಾರೆ. ಒಂದು ಡಿವೈಸ್‌ಗೆ ಎರಡು ಡ್ರೈವರ್ ಸರಿಸಮನಾಗಿ ಹೊಂದಿದರೆ ವಿಂಡೋಸ್ ಹೊಸ ತಾರೀಖಿನದನ್ನು ಆರಿಸಿಕೊಳ್ಳುತ್ತದೆ. ಈ ಪ್ಯಾಕೇಜ್‌ನಲ್ಲಿ ಇರುವುದು ಮುಖ್ಯವಾಗಿ ಚಿಪ್‌ನ ಹೆಸರು ಹೇಳುವ ಐಎನ್‌ಎಫ್ ಫೈಲ್‌ಗಳು. ಕೆಲಸ ಮಾಡುವ ಬೇರೆ ಡ್ರೈವರನ್ನು ಇದು ಪಕ್ಕಕ್ಕೆ ತಳ್ಳಬಾರದು, ಅದಕ್ಕೇ ಇಷ್ಟು ಹಳೇ ತಾರೀಖು. ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳ ಮೇಲೆ 21 ಜೂನ್ 2006 ಅಂತ ಇರುವುದಕ್ಕೂ ಇದೇ ಥರದ ಕಾರಣ. ಹಾಗಾಗಿ ತಾರೀಖು ನೋಡಿ ಗಾಬರಿಯಾಗಬೇಡಿ, ವರ್ಷನ್ ನಂಬರ್ ನೋಡಿ.

ಎರಡನೆಯದು ಇಂಟೆಲ್ ಮ್ಯಾನೇಜ್‌ಮೆಂಟ್ ಇಂಜಿನ್, ಚಿಪ್‌ಸೆಟ್ ಒಳಗೇ ಇರುವ ಪುಟ್ಟ ಕಂಟ್ರೋಲರ್. ಅದರ ಡ್ರೈವರ್ ಹಾಕಿದೆ, ಮುಗಿಯಿತು.

ಮೂರನೆಯದೇ ಮಜಾ. ಐಡಿಯಲ್ಲಿ ವಿಇಎನ್ನೂ ಇಲ್ಲ, ಡಿಇವಿಯೂ ಇಲ್ಲ. ಎಸಿಪಿಐ, ಆಮೇಲೆ ಎಸ್‌ಎಮ್‌ಒ8800, ಅಷ್ಟೇ. ಹುಡುಕಿದರೆ ಅದು ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್‌ನ ಫ್ರೀ ಫಾಲ್ ಸೆನ್ಸರ್. ಲ್ಯಾಪ್‌ಟಾಪ್ ಕೈ ಜಾರಿ ಬೀಳುತ್ತಿದೆ ಅಂತ ಗೊತ್ತಾದರೆ, ನೆಲಕ್ಕೆ ತಾಗುವ ಮೊದಲೇ ಹಾರ್ಡ್ ಡಿಸ್ಕ್‌ನ ಹೆಡ್ಡನ್ನು ತಟ್ಟೆಯಿಂದ ಆಚೆ ಸರಿಸಲು ಇಟ್ಟಿದ್ದು. ಈಗ ಒಳಗಿರುವುದು ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಡ್ರೈವರ್ ಹಾಕಲಿಲ್ಲ, ಡಿಸೇಬಲ್ ಮಾಡಿದೆ.

ಇನ್ನು ಗ್ರಾಫಿಕ್ಸ್ ಬಾಕಿ. ಅಲ್ಲಿ ಹಳದಿ ಗುರುತಿಲ್ಲ, ಆದರೂ ವಿಂಡೋಸ್‌ನ ಸಾಮಾನ್ಯ ಡ್ರೈವರ್ ಆದ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಮೇಲೆ ಓಡುತ್ತಿದೆ. ಬ್ರೈಟ್‌ನೆಸ್ ಜಾಸ್ತಿ ಕಮ್ಮಿ ಮಾಡಲು ಆಗುತ್ತಿಲ್ಲ. ಡೆಲ್ ಸೈಟ್‌ನಲ್ಲಿ ಸರ್ವಿಸ್ ಟ್ಯಾಗ್ (ಲ್ಯಾಪ್‌ಟಾಪ್ ಮೇಲಿರುವ ಗುರುತಿನ ಸಂಖ್ಯೆ) ಕೊಟ್ಟು ಈ ಮಾಡೆಲ್‌ನ ಡ್ರೈವರ್ ಇಳಿಸಿಕೊಂಡಿದ್ದೇನೆ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ರೀಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡು ನಾಳೆ ಹಾಕುತ್ತೇನೆ.