ಇದು ಕ್ರಿಯೊಲ್ಲೊ ಹೌದಾ ಮಾರಾಯ್ರೆ?

"ಸಾರ್, ನಮ್ಮ ತೋಟದ ಒಂದು ಕೊಕ್ಕೋ ಮರ ಬೇರೆ ಥರ ಉಂಟು. ಫೋಟೋ ಹಾಕಿದ್ದೇನೆ. ಇದು ಕ್ರಿಯೊಲ್ಲೊ ಹೌದಾ?" ಫೋಟೋದಲ್ಲಿ ಒಂದು ಕೆಂಪು ಕಾಯಿ, ಅಳತೆಗೆಂದು ಪಕ್ಕದಲ್ಲಿ ಬೆಂಕಿಪೊಟ್ಟಣ. ಕ್ರಿಯೊಲ್ಲೊ ಅಂದರೆ ಚಾಕೊಲೇಟಿಗೆ ಹೆಸರಾದ, ಅಪರೂಪದ ಕೊಕ್ಕೋ ತಳಿ. ಉತ್ತರ: ಗೊತ್ತಿಲ್ಲ. ಸಿಪ್ಪೆ ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಯಿತು ಎಂದವರು ಬಹುಶಃ ನಿಮಗೆ ಸಸಿ ಮಾರಲು ಬಂದವರು.

ಕಾಯಿ ಒಡೆದು ಹಸಿ ಬೀಜ ಕೊಯ್ದರೆ ಒಂದಿಷ್ಟು ಸುಳಿವು ಸಿಗುತ್ತದೆ. ಕ್ರಿಯೊಲ್ಲೊದ ಒಳಗು ಬಿಳಿ ಅಥವಾ ನಸುಗುಲಾಬಿ. ನಮ್ಮ ಅಡಿಕೆ ತೋಟಗಳಲ್ಲಿ ತುಂಬಿರುವ ಸಾಮಾನ್ಯ ತಳಿ ಫೊರಾಸ್ಟೆರೊದ್ದು ನೇರಳೆ. ಹಾಗಂತ ಬಿಳಿ ಕಂಡ ಕೂಡಲೇ ಕುಣಿಯಬೇಡಿ. ಬ್ರೆಜಿಲಿನ ಬಹಿಯಾದಲ್ಲಿ ಕಾಟೊಂಗೊ ಎಂಬುದಿದೆ: ಬೀಜ ಬಿಳಿ, ಜಾತಿ ಫೊರಾಸ್ಟೆರೊ, ಬಣ್ಣ ಕಳಕೊಂಡಿದೆ ಅಷ್ಟೆ. ಮೇಲಾಗಿ ಕ್ರಿಯೊಲ್ಲೊ, ಫೊರಾಸ್ಟೆರೊ, ಇವೆರಡರ ಬೆರಕೆಯಾದ ಟ್ರಿನಿಟಾರಿಯೊ ಎಂಬ ಮೂರು ಮನೆಯ ಲೆಕ್ಕವೇ ಹಳತಾಯಿತು. 2008ರಲ್ಲಿ ವಿಜ್ಞಾನಿ ಮೊಟಮಾಯೊರ್ ಮತ್ತು ಸಂಗಡಿಗರು ವಂಶವಾಹಿ ನೋಡಿ ಕೊಕ್ಕೋವನ್ನು 10 ಗುಂಪು ಮಾಡಿದರು. ಕ್ರಿಯೊಲ್ಲೊ ಅದರಲ್ಲೊಂದು, ಫೊರಾಸ್ಟೆರೊ ಎಂಬ ಗುಂಪೇ ಇಲ್ಲ.

ಮುಂದಿನ ಮಾತು ಯಾವಾಗಲೂ ಇದೇ: "ಹಾಗಾದರೆ ಚಾಕೊಲೇಟು ಮಾಡಿ ರುಚಿ ನೋಡಲು ಒಂದು ಹಿಡಿ ಬೀಜ ಮಾದರಿಗೆ ಕಳಿಸಲಾ?" ಬೇಡ. ಆ ಒಂದು ಹಿಡಿಯಲ್ಲಿ ಬರುವುದು ಆರಿಸಿ ತೆಗೆದ, ದಪ್ಪ, ಹೊಳೆಯುವ ಬೀಜಗಳು. ಹೆಣ್ಣು ನೋಡಲು ಬಂದವರಿಗೆ ತೋರಿಸುವ ಸೀರೆಯ ಹಾಗೆ. ಒಂದು ಕೆಜಿ ಒಣ ಬೀಜ ಬೇಕು, ಆರಿಸದೆ. ಲಾಟು ದೊಡ್ಡದಿದ್ದರೆ ಮೂರಕ್ಕೊಂದು ಚೀಲವಾದರೂ ಬಿಚ್ಚಿ, ಮೇಲೆ, ನಡುವೆ, ತಳದಿಂದ ತೆಗೆದು ರಾಶಿ ಹಾಕಿ. ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಬೆರೆಸಿ. ಒಂದು ಕೆಜಿಗೆ ಇಳಿಯುವ ತನಕ ಹೀಗೇ.

ಅದರಲ್ಲಿ 100 ಬೀಜ ಕೊಯ್ಯಲಿಕ್ಕೆ. ಅಡಕತ್ತರಿಯಲ್ಲಿ ಅಡ್ಡ ಕತ್ತರಿಸಿದರೆ ಪುಡಿ ಮಾತ್ರ ಸಿಗುತ್ತದೆ. ತೆಳು ಅಲಗಿನ ಚೂರಿಯಲ್ಲಿ ಉದ್ದಕ್ಕೆ ಸೀಳಿ, ಎರಡೂ ಹೋಳನ್ನು ಹಗಲು ಬೆಳಕಿನಲ್ಲಿ ಮೇಲ್ಮುಖವಾಗಿ ಜೋಡಿಸಿ. ಕಂದು ಬಣ್ಣ, ಒಳಗೆ ಮಡಿಕೆ ಮಡಿಕೆಯಾಗಿ ಬಿರುಕು ಇದ್ದರೆ ಹುದುಗು (ಒಣಗಿಸುವ ಮೊದಲು ಹಸಿ ಬೀಜವನ್ನು ರಾಶಿ ಹಾಕಿ ಹುಳಿ ಬರಿಸುವುದು) ಸರಿ ಬಂದಿದೆ. ಪೂರ್ತಿ ನೇರಳೆ ಇದ್ದರೆ ಅರ್ಧಂಬರ್ಧ. ಸ್ಲೇಟಿನ ಬಣ್ಣ, ಬಿರುಕಿಲ್ಲದೆ ರಬ್ಬರಿನಂತೆ ಗಟ್ಟಿ ಇದ್ದರೆ ಹುದುಗೇ ಬಂದಿಲ್ಲ, ಬಾಯಿ ಒಗರು ಹಿಡಿಯುತ್ತದೆ. ಇಲ್ಲೂ ಒಂದು ಮೋಸವಿದೆ: ಬಿಳಿ ಬೀಜದಲ್ಲಿ ಕಳೆಯಲು ನೇರಳೆಯೇ ಇಲ್ಲದ್ದರಿಂದ ಬಣ್ಣ ನಂಬಬೇಡಿ, ಬಿರುಕು ನೋಡಿ, ಮೂಸಿ. ಬೂಷ್ಟಿನ ವಾಸನೆ, ಒಲೆ ಹೊಗೆಯ ವಾಸನೆ ಎರಡೂ ಹುರಿದರೆ ಹೋಗುವುದಿಲ್ಲ. ಮಳೆಗಾಲದಲ್ಲಿ ಹೊಗೆಗೂಡಿನಲ್ಲಿ ಒಣಗಿಸಿದ ಬೀಜ ಎಷ್ಟು ಅಪರೂಪದ್ದಾದರೂ ಹೊಗೆಯದೇ ರುಚಿ. ತೇವಾಂಶ ಶೇ. 7ರ ಆಸುಪಾಸು ಇರಲಿ. 8 ದಾಟಿದರೆ ಬೂಷ್ಟು, 6ಕ್ಕಿಂತ ಇಳಿದರೆ ಸಿಪ್ಪೆ ತೆಗೆಯುವಾಗ ಪುಡಿಪುಡಿ.

ಉಳಿದ ಸುಮಾರು 900 ಗ್ರಾಮನ್ನು ಓವನ್ನಿನ ತಟ್ಟೆಯಲ್ಲಿ ಒಂದೇ ಪದರ ಹರಡಿ, 125 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಹುರಿಯಿರಿ. ಎರಡು ಮಾದರಿ ಹೋಲಿಸುವುದಾದರೆ ಎರಡಕ್ಕೂ ಅದೇ ಬಿಸಿ, ಅದೇ ಹೊತ್ತು. ಇಲ್ಲವಾದರೆ ನೀವು ಹೋಲಿಸುತ್ತಿರುವುದು ಓವನ್ನನ್ನು. ಒಡೆದು ಮೊರದಲ್ಲಿ ಕೇರಿದರೆ 700 ಗ್ರಾಂ ತಿರುಳು ಸಿಗುತ್ತದೆ. 300 ಗ್ರಾಂ ಸಕ್ಕರೆ ಸೇರಿಸಿದರೆ ಶೇ. 70ರ ಚಾಕೊಲೇಟು. ರುಬ್ಬಲು ನಮ್ಮ ಟೇಬಲ್ ಟಾಪ್ ಗ್ರೈಂಡರೇ ಸಾಕು. ಹೊರದೇಶದ ಸಣ್ಣ ಚಾಕೊಲೇಟು ತಯಾರಕರೂ ಕೊಯಮತ್ತೂರಿನ ಇದೇ ಯಂತ್ರವನ್ನು ಒಯ್ದು ದಿನಗಟ್ಟಲೆ ಓಡಿಸುತ್ತಾರೆ. ಕಲ್ಲು ಬೆಚ್ಚಗಿರಲಿ, ನೀರಿನ ಪಸೆ ಇರಬಾರದು. "ಸಕ್ಕರೆ ಬದಲು ಬೆಲ್ಲ ಹಾಕಬಹುದಾ" ಎಂದು ಕೇಳುವವರಿಗೆ: ಬೆಲ್ಲದ ತೇವಕ್ಕೆ ಎಲ್ಲ ಗಟ್ಟಿ ಮುದ್ದೆಯಾಗಿ ಕಲ್ಲು ನಿಲ್ಲುತ್ತದೆ. ಮಾದರಿಗಂತೂ ಬೇಡವೇ ಬೇಡ, ಬೆಲ್ಲದ ರುಚಿ ಬೀಜದ್ದನ್ನು ಮುಚ್ಚುತ್ತದೆ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: "ಒಂದೇ ಮರದ ಬೀಜಕ್ಕೆ ಹುದುಗು ಬರಿಸುವುದು ಹೇಗೆ?" ಹಸಿ ಬೀಜವನ್ನೇ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊಗೆ ಹಾಕಿ ರೂಢಿಯಾದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಒಂದು ಕೆಜಿ ಒಣ ಬೀಜಕ್ಕೆ ಸುಮಾರು ಮೂರು ಕೆಜಿ ಹಸಿ ಬೀಜ, ಅಂದರೆ 25ರಿಂದ 30 ಕಾಯಿ ಬೇಕು. ಆ ಮೂರು ಕೆಜಿಯನ್ನು ಬಕೆಟ್ಟಿನಲ್ಲಿ ಮುಚ್ಚಿಟ್ಟರೆ ಕೊಳೆಯುತ್ತದೆ ಹೊರತು ಬಿಸಿಯೇರುವುದಿಲ್ಲ. ರಾಶಿ 45ರಿಂದ 50 ಡಿಗ್ರಿಗೆ ಏರಬೇಕು. ಆ ಬಿಸಿ ಮತ್ತು ಹುಳಿಗೆ ಮೊಳಕೆ ಸತ್ತ ಮೇಲೆಯೇ ಒಳಗೆ ಚಾಕೊಲೇಟಿನ ಪರಿಮಳಕ್ಕೆ ಬೇಕಾದದ್ದು ತಯಾರಾಗುವುದು.

ಉಪಾಯ ಇಷ್ಟೇ. ಈರುಳ್ಳಿ ಬರುವ ಬಲೆಚೀಲದಲ್ಲಿ ಆ ಮರದ ಬೀಜ ತುಂಬಿ, ಚೀಟಿ ಕಟ್ಟಿ, ಅದೇ ದಿನ ಒಡೆದ ದೊಡ್ಡ ರಾಶಿಯ ನಟ್ಟನಡುವೆ ಹೂತುಬಿಡಿ. ನಿಮ್ಮಲ್ಲಿ ರಾಶಿ ಇಲ್ಲದಿದ್ದರೆ ನೆರೆಯವರದ್ದು. 48 ಗಂಟೆಗೆ ರಾಶಿ ಮಗುಚುವಾಗ ಚೀಲವನ್ನೂ ಕೊಡವಿ ಮತ್ತೆ ನಡುವಿಗೇ ಹಾಕಿ. ಆಮೇಲೆ ದಿನ ಬಿಟ್ಟು ದಿನ. ನೇರಳೆ ಬೀಜಕ್ಕೆ ಐದಾರು ದಿನ. ಬಿಳಿ ಬೀಜಕ್ಕೆ ಎರಡು ಮೂರು ದಿನ ಸಾಕು. ಐದು ದಿನ ಬಿಟ್ಟರೆ ಕೊಳೆತ ವಾಸನೆ ಬಂದು, ನೀವು ಕ್ರಿಯೊಲ್ಲೊ ಎಂದು ಮೆರೆಸಬೇಕೆಂದಿದ್ದದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ.